ಗಿರಿಪುಷ್ಪಗಳನ್ನು ಗುರುತಿಸಿದ ರಾಬರ್ಟ್ ವೈಟ್

ನಾಂಪಲ್ಲಿಯ ಬಾಗೆ ಆಮ್‌ನಲ್ಲಿ ಮಾಲಿಯು ನೆಟ್ಟು ನೀರೆರೆದ ಹೂಗಿಡಗಳನ್ನು ನಾವು ನಿತ್ಯವೂ ಕಾಣುತ್ತೇವೆ. ಆದರೆ ಬೆಟ್ಟದ ನೆತ್ತಿಯಲ್ಲಿ ತಾನಾಗಿಯೇ ಬೆಳೆದ ಹೂವಿನ ಹೆಸರನ್ನು ಹೇಳುವವರಾರು? ನೀಲಗಿರಿಯ ನೀಲಕುರಿಂಜಿಯನ್ನೇ ನೋಡೋಣ. ಈ ಗಿಡವು ಹನ್ನೆರಡು ವರ್ಷ ಬದುಕಿ, ಒಂದೇ ಬಾರಿ ಹೂತು, ಬೀಜವನ್ನು ಉದುರಿಸಿ ಒಣಗುತ್ತದೆ. 2006ರಲ್ಲಿ ಅರಳಿದ್ದು ಮತ್ತೆ ಅರಳಿದುದು 2018ರಲ್ಲಿ. ನಡುವಣ ವರ್ಷಗಳಲ್ಲಿ ಹೋದವರಿಗೆ ಕಾಣುವುದು ಬರಿಯ ಹಸುರು ಪೊದೆ. ಸಸ್ಯಶಾಸ್ತ್ರಜ್ಞನಿಗಾದರೋ ಗಿಡದ ಗುರುತು ಹಿಡಿಯಲು ಮುಖ್ಯವಾಗಿ ಹೂವೇ ಬೇಕು! ಇಂತಹ ತೊಡಕಿನ ಕಾರ್ಯಕ್ಕೆ ಕೈಹಾಕಿದವರಲ್ಲಿ ರಾಬರ್ಟ್ ವೈಟರು ಅಗ್ರಗಣ್ಯರು.

1796ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದ ಇವರು ಎಡಿನ್‌ಬರೋದಲ್ಲಿ ವೈದ್ಯವಿದ್ಯೆಯನ್ನು ಕಲಿತು, 1819ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯರಾಗಿ ಮದರಾಸಿಗೆ ಬಂದರು. 1826ರಲ್ಲಿ ಸರ್ಕಾರವು ಅವರನ್ನು ನಿಸರ್ಗಶಾಸ್ತ್ರಜ್ಞರ ಹುದ್ದೆಗೆ ನೇಮಿಸಿತು. ಎರಡೇ ವರ್ಷಗಳಲ್ಲಿ ಆ ಹುದ್ದೆ ರದ್ದಾಯಿತು. ಅಲ್ಲಿಯ ಸಸ್ಯಸಂಗ್ರಹವು ಲಂಡನ್ನಿಗೆ ಸಾಗಿಹೋಯಿತು. ಮತ್ತೊಬ್ಬರಾಗಿದ್ದರೆ ಕೈಚೆಲ್ಲಿ ಕುಳಿತುಬಿಡುತ್ತಿದ್ದರೆಂದು ನಮಗೆ ತೋರುತ್ತದೆ. ವೈಟರು ದಂಡಿನ ವೈದ್ಯರಾಗಿ ನಾಗಪಟ್ಟಣಕ್ಕೆ ಹೋದರು. ಅಲ್ಲಿದ್ದುಕೊಂಡೇ ಸಂಗ್ರಹವನ್ನು ಮುಂದುವರಿಸಿದರು. 1831ರಲ್ಲಿ ರಜೆ ಪಡೆದು ಸ್ವದೇಶಕ್ಕೆ ಹೊರಟಾಗ ಅವರು ಕೊಂಡೊಯ್ದ ಒಣಗಿದ ಮಾದರಿಗಳು ಸುಮಾರು ಒಂದು ಲಕ್ಷ.

ಒಣಗಿದ ಹೂವಿನ ಬಣ್ಣವು ಮಾಸುತ್ತದೆ, ದಳಗಳು ಮುರುಟುತ್ತವೆ. ನೀಲಕುರಿಂಜಿಗೆ ಶಾಸ್ತ್ರೀಯ ನಾಮವನ್ನಿತ್ತ ಜರ್ಮನಿಯ ನೀಸರು ಭಾರತವನ್ನು ಕಂಡವರಲ್ಲ. ದೂರದೇಶದಲ್ಲಿ ಕುಳಿತು ಒಣಗಿದ ಮಾದರಿಗಳನ್ನೇ ಪರೀಕ್ಷಿಸಬೇಕಾಗಿತ್ತು. ಇಂತಹವರಿಗೆ ಹಸಿಯ ಗಿಡದ ಚಿತ್ರವಿದ್ದರೆ ಎಷ್ಟು ಉಪಕಾರ! ಅದನ್ನು ಒದಗಿಸಬೇಕೆಂಬುದೇ ವೈಟರ ಹಂಬಲ. ಚಿತ್ರಗಳನ್ನು ಬರೆದವರು ನಮ್ಮ ದಕ್ಷಿಣದೇಶದ ಕಲಾವಿದರಾದ ರಂಗಯ್ಯ ಮತ್ತು ಅವರ ತರುವಾಯ ಬಂದ ಗೋವಿಂದು. ಎಲೆಯ ಅಂಚು, ಕೇಸರಗಳ ಸಂಖ್ಯೆ, ಸೀಳಿದ ಅಂಡಾಶಯ, ಹೀಗೆ ಗುರುತಿಗೆ ಬೇಕಾದ ಅಂಗಗಳನ್ನು ಅವರು ಬಿಡಿಬಿಡಿಯಾಗಿ ಬರೆದರು. 1838ರಿಂದ 1853ರವರೆಗೆ ಆರು ಸಂಪುಟಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕ ಚಿತ್ರಗಳು ಶಿಲಾಮುದ್ರಣದಿಂದ ಮದರಾಸಿನಲ್ಲಿಯೇ ಅಚ್ಚಾದವು. ಕುರಿಂಜಿಯ ಕುಲದ ಹಲವು ಜಾತಿಗಳೂ ಅವುಗಳಲ್ಲಿವೆ. ನೀಲಗಿರಿಯ ಸಸ್ಯಗಳಿಗೆಂದೇ ಪ್ರತ್ಯೇಕವಾದ ಮತ್ತೊಂದು ಗ್ರಂಥವನ್ನೂ ವೈಟರು ಹೊರತಂದರು.

ಚಿತ್ರಕಾರರ ಹೆಸರುಗಳನ್ನು ಅವರು ಮರೆಮಾಡಲಿಲ್ಲ. ಚಿತ್ರಗಳ ಕೆಳಗೆ ಅವು ಅಚ್ಚಾಗಿವೆ. ಆರ್ಕಿಡ್ ವರ್ಗದ ಒಂದು ಕುಲಕ್ಕಂತೂ ಗೋವಿಂದುವಿನ ನೆನಪಿಗಾಗಿ ‘ಗೋವಿಂದೂಯಾ’ ಎಂದೇ ಹೆಸರಿಟ್ಟರು. ಮುಂದಿನ ವಿದ್ವಾಂಸರು ಆ ಸಸ್ಯವನ್ನು ‘ಟ್ರೊಪಿಡಿಯ’ ಎಂಬ ಕುಲಕ್ಕೆ ಸೇರಿಸಿದುದರಿಂದ ಆ ಹೆಸರು ಬಳಕೆ ತಪ್ಪಿದೆ. ನಮಗೆ ಇದೊಂದು ಕೊರತೆಯೇ.

1853ರಲ್ಲಿ ಭಾರತವನ್ನು ಬಿಟ್ಟ ವೈಟರು ಇಂಗ್ಲೆಂಡಿನಲ್ಲಿ ನೆಲಸಿ, 1872ರಲ್ಲಿ ತೀರಿಕೊಂಡರು.