ಅದ್ಭುತಗಳನ್ನು ಪರೀಕ್ಷಿಸಹೊರಟ ಉಪಾಧ್ಯಾಯರು: ಎಚ್. ನರಸಿಂಹಯ್ಯನವರ ಚರಿತ್ರೆ

ಒಬ್ಬನು ರೋಗಿಯನ್ನು ಮುಟ್ಟಿ ಎಬ್ಬಿಸಿದನೆಂದೋ, ಬರಿಗೈಯಿಂದ ವಿಭೂತಿಯನ್ನೂ ಉಂಗುರವನ್ನೂ ತೆಗೆದನೆಂದೋ ಸುದ್ದಿ ಬಂದರೆ ಜನರು ಗುಂಪುಗುಂಪಾಗಿ ಓಡುವದು ನಮಗೆ ಹೊಸದಲ್ಲ. ಅಂಥವನಲ್ಲಿ ದೇವರೇ ಇಳಿದು ಬಂದಿದ್ದಾನೆಂದು ಕೆಲವರು ನಿಶ್ಚಯಿಸುವರು. ಎಲ್ಲವೂ ಕೈಚಳಕವೆಂದು ಕೆಲವರು ನಗುವರು. ಅದ್ಭುತಕಾರ್ಯವು ದೈವತ್ವಕ್ಕೆ ಸಾಕ್ಷಿಯಾಗುವದೋ ಇಲ್ಲವೋ ಎಂಬ ಈ ಪ್ರಶ್ನೆಯನ್ನು ನಮ್ಮ ಕನ್ನಡನಾಡಿನಲ್ಲಿ ಬಹಿರಂಗವಾಗಿ ಎತ್ತಿದವರಲ್ಲಿ ಎಚ್. ನರಸಿಂಹಯ್ಯನವರು ಮುಖ್ಯರು. ಅವರು ನಮ್ಮ ಸಭೆಗಳಿಗೆ ಸೇರಿದವರಲ್ಲ. ಯಾವ ಮತದ ಮಾತನ್ನೂ ವಿಚಾರಿಸದೆ ಒಪ್ಪಿದವರಲ್ಲ. ಆದರೂ ಅವರ ಚರಿತ್ರೆಯನ್ನು ನಾವು ಓದತಕ್ಕದ್ದು. ಯಾಕಂದರೆ ಅವರು ಕೇಳಿದ ಪ್ರಶ್ನೆಯು ನಮ್ಮ ಮನೆಬಾಗಲಿಗೂ ಬಂದು ನಿಂತಿದೆ.

ನರಸಿಂಹಯ್ಯನವರು 1920ನೆಯ ಇಸವಿಯ ಜೂನ್ 6ರಂದು ಗೌರಿಬಿದನೂರು ತಾಲ್ಲೂಕಿನ ಹೊಸೂರೆಂಬ ಹಳ್ಳಿಯಲ್ಲಿ, ಬಡ ಕುಟುಂಬದಲ್ಲಿ ಹುಟ್ಟಿದರು. ಹಳ್ಳಿಯ ಪಾಠಶಾಲೆಯಲ್ಲಿ ಕಲಿಯಬಹುದಾದದ್ದನ್ನು ಕಲಿತು ಮುಗಿಸಿದ ಮೇಲೆ, ಮುಂದೆ ಓದಬೇಕೆಂಬ ಆಶೆಯಿಂದ 1935ರಲ್ಲಿ ಬೆಂಗಳೂರಿಗೆ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು ಸೇರಿದರು. ಮರುವರುಷ ಮಹಾತ್ಮಾ ಗಾಂಧಿಯವರು ಆ ಶಾಲೆಗೆ ಬಂದಾಗ ಅವರ ಹಿಂದೀ ಭಾಷಣವನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಭಾಗ್ಯವು ಈ ಹಳ್ಳಿಯ ಹುಡುಗನಿಗೆ ದೊರಕಿತು. ಅಂದಿನಿಂದ ಖಾದಿಯ ಉಡುಪೂ ಗಾಂಧಿಟೋಪಿಯೂ ಸರಳ ಜೀವನವೂ ಅವರ ಗುರುತುಗಳಾದವು. 1942ರ ಚಳವಳಿಯಲ್ಲಿ ಓದನ್ನು ಬಿಟ್ಟು ಸೆರೆಮನೆಗೂ ಹೋದರು. ಹೊರಗೆ ಬಂದು ವ್ಯಾಸಂಗವನ್ನು ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ತರುವಾಯ ಅಮೇರಿಕದ ಒಹಾಯೋ ಸಂಸ್ಥಾನದ ವಿಶ್ವವಿದ್ಯಾನಿಲಯದಲ್ಲಿ ಪರಮಾಣುವಿನ ಬೀಜದ ವಿಷಯವಾಗಿ ಸಂಶೋಧನೆ ಮಾಡಿ 1960ರಲ್ಲಿ ಡಾಕ್ಟರ್ ಪದವಿಯನ್ನು ಹೊಂದಿದರು.

ಇಷ್ಟು ದೊಡ್ಡ ಪಾಂಡಿತ್ಯವನ್ನು ಸಂಪಾದಿಸಿದವರು ಅಲ್ಲಿಯೇ ನಿಂತು ಹಣ ಗಳಿಸಬಹುದಾಗಿತ್ತು. ಅವರಾದರೋ ತಿರಿಗಿ ಬಂದು ಅದೇ ಕಾಲೇಜಿಗೆ ಪ್ರಿನ್ಸಿಪಾಲರಾಗಿ, ಮದುವೆಯಾಗದೆ, ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿಯೇ ವಾಸಮಾಡಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಎಂಬ ಸಂಘವನ್ನು ಸ್ಥಾಪಿಸಿ, ವಿಜ್ಞಾನದ ಸಂಗತಿಗಳನ್ನು ಸಾಧಾರಣ ಜನರಿಗೆ ಉಪನ್ಯಾಸಗಳ ಮೂಲಕ ತಿಳಿಸುವ ಏರ್ಪಾಡು ಮಾಡಿದರು. ಏನು, ಯಾಕೆ, ಹೇಗೆ ಎಂದು ಕೇಳುವದಕ್ಕೆ ಯಾವ ಮಗುವೂ ಅಂಜಬಾರದೆಂಬದೇ ಅವರು ಆಯುಷ್ಯವೆಲ್ಲಾ ಕಲಿಸಿದ ಪಾಠವಾಗಿತ್ತು.

1972ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಆ ಕಾಲದಲ್ಲಿ ಪವಾಡಪುರುಷರ ಮಾತು ನಾಡೆಲ್ಲಾ ಹಬ್ಬಿತ್ತು. ನಮ್ಮ ಬಾಣಸವಾಡಿಯಿಂದ ಪೂರ್ವಕ್ಕೆ, ಕೃಷ್ಣರಾಜಪುರವನ್ನು ದಾಟಿ ಹೋದರೆ ಸಿಕ್ಕುವ ವೈಟ್‌ಫೀಲ್ಡಿನಲ್ಲಿ, ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರ ಬೃಂದಾವನವೆಂಬ ಆಶ್ರಮವಿದೆ. ಅವರು ಅಲ್ಲಿಗೆ ಬಂದು ಇಳಿದಾಗ ಸಾವಿರಾರು ಭಕ್ತರು ಕೂಡುತ್ತಿದ್ದರು. ಅವರು ಕೈಯಾಡಿಸಿ ವಿಭೂತಿ, ಉಂಗುರ, ಸರಗಳನ್ನು ಕೊಡುತ್ತಾರೆಂದೂ, ಇದರಿಂದಲೇ ಅವರು ದೇವರ ಅವತಾರವೆಂದು ತಿಳಿಯತಕ್ಕದ್ದೆಂದೂ ಅನೇಕರು ಹೇಳುತ್ತಿದ್ದರು.

ಹೀಗಿರಲಾಗಿ ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವಿಜ್ಞಾನದ ರೀತಿಯಿಂದ ವಿಚಾರಿಸುವದಕ್ಕಾಗಿ ವಿಶ್ವವಿದ್ಯಾನಿಲಯದಲ್ಲಿ 12 ಮಂದಿಯ ಒಂದು ಸಮಿತಿಯನ್ನು ನೇಮಿಸಿ, ತಾವೇ ಅದರ ಅಧ್ಯಕ್ಷರಾದರು. ಆ ವರುಷದ ಜೂನ್ ಜುಲೈ ತಿಂಗಳುಗಳಲ್ಲಿ ಬಾಬಾ ಅವರಿಗೆ ಮೂರು ಪತ್ರಗಳನ್ನು ಬರೆದು, ಮೋಸಕ್ಕೆ ಎಡೆಯಿಲ್ಲದ ಏರ್ಪಾಡಿನಲ್ಲಿ ಸಮಿತಿಯ ಎದುರಿಗೆ ಪವಾಡವನ್ನು ಮಾಡಿತೋರಿಸಬೇಕೆಂದು ಮರ್ಯಾದೆಯಿಂದ ಬೇಡಿಕೊಂಡರು. ಉತ್ತರ ಬರಲಿಲ್ಲ. ಇಂದ್ರಿಯಗಳಿಗೆ ಸಿಕ್ಕುವ ವಸ್ತುಗಳಷ್ಟೇ ವಿಜ್ಞಾನದ ಎಲ್ಲೆಯೆಂದೂ, ಆತ್ಮದ ಶಕ್ತಿಯನ್ನು ಆ ಅಳತೆಗೋಲಿನಿಂದ ಅಳೆಯಲಾಗದೆಂದೂ ಬಾಬಾ ಅವರ ಪಕ್ಷವಾಗಿತ್ತು. ಪವಾಡಗಳು ಜನರನ್ನು ಭಕ್ತಿಯ ಕಡೆಗೆ ಕರೆಯುವ ಗುರುತುಚೀಟಿಗಳು ಮಾತ್ರವೆಂದೂ ಅವರು ಬೋಧಿಸುತ್ತಿದ್ದರು. ಪರೀಕ್ಷೆಯೇ ನಡೆಯದ ಕಾರಣ ಆ ವಿಷಯದಲ್ಲಿ ಸಮಿತಿಯು ಯಾವದನ್ನೂ ಸ್ಥಾಪಿಸಲಿಲ್ಲ. ಅದೇ ವರುಷ ಪಾಂಡವಪುರದಲ್ಲಿ ವಿಭೂತಿಯನ್ನು ಸೃಷ್ಟಿಸುತ್ತಾನೆಂದು ಹೆಸರಾದ ಒಬ್ಬ ಎಳೆಯ ಬಾಲಕನ ಬಳಿಗೆ ಸಮಿತಿಯವರು ಹೋಗಿ ನೋಡಲಾಗಿ, ವಿಭೂತಿಯು ಅವನ ಬಟ್ಟೆಯೊಳಗೆ ಬಚ್ಚಿಡಲ್ಪಟ್ಟಿತ್ತೆಂದು ಕಂಡುಬಂತು. ಪೂಜೆಗೆ ಮುಂದಾದ ಹಿರಿಯರ ನಡುವೆ ಆ ಹುಡುಗನ ಬಾಲ್ಯವು ಏನಾಗಿದ್ದೀತೆಂದು ತಾಯಿತಂದೆಗಳು ಯೋಚಿಸಲಿ.

ಸಮಿತಿಯ ಮೇಲೆ ಟೀಕೆಗಳು ಬಹಳ ಬಂದವು. ವಿಶ್ವವಿದ್ಯಾನಿಲಯಕ್ಕೆ ಇದು ತಕ್ಕ ಕೆಲಸವಲ್ಲವೆಂದು ಕೆಲವರು, ಭಕ್ತರ ಮನಸ್ಸನ್ನು ನೋಯಿಸುವದೆಂದು ಕೆಲವರು ಆಕ್ಷೇಪಿಸಿದರು. 1977ರಲ್ಲಿ ನರಸಿಂಹಯ್ಯನವರು ಕುಲಪತಿಸ್ಥಾನವನ್ನು ಬಿಟ್ಟರು. ಸಮಿತಿಯೂ ಅದೇ ವರುಷ ಮುಗಿಯಿತು. ಅವರಾದರೋ ತಮ್ಮ ಮಾತನ್ನು ಬಿಡಲಿಲ್ಲ. ಸ್ಥಳದಲ್ಲಿಯೂ ಕಾಲದಲ್ಲಿಯೂ ನಡೆದದ್ದೆಂದು ಹೇಳುವ ಕಾರ್ಯವನ್ನು ಕಣ್ಣಿಟ್ಟು ನೋಡುವದು ದೇವದೂಷಣೆಯಲ್ಲವೆಂದು ಅವರು ಕಡೆಯ ವರೆಗೂ ಸಾಧಿಸಿದರು.

ಇದೇ ಕಾಲದಲ್ಲಿ ಇನ್ನೊಬ್ಬರು ಇದೇ ಹಾದಿಯಲ್ಲಿ ನಡೆದಿದ್ದರು. 1898ರಲ್ಲಿ ತಿರುವಲ್ಲದಲ್ಲಿ ಮಾರ್ತೋಮಾ ಸಭೆಯ ಒಬ್ಬ ಹಿರಿಯ ಬೋಧಕರ ಮಗನಾಗಿ ಹುಟ್ಟಿ, ಸಿಂಹಳದ ಮಿಷನ್ ಶಾಲೆಗಳಲ್ಲಿ ಸಸ್ಯಶಾಸ್ತ್ರವನ್ನು ಕಲಿಸಿ, ತಂದೆಯ ನಂಬಿಕೆಯನ್ನು ಬಿಟ್ಟುಹೋದ ಅಬ್ರಹಾಂ ಕೋವೂರರೇ ಅವರು. ಕಲ್ಕತ್ತೆಯಲ್ಲಿ ಓದುತ್ತಿದ್ದಾಗ ಊರಿನವರು ಗಂಗಾಜಲವನ್ನು ತರಹೇಳಿದರೆಂದೂ, ತಾನು ದಾರಿಯ ರೈಲ್ವೆ ನಿಲ್ದಾಣದ ನಲ್ಲಿಯ ನೀರನ್ನೇ ತುಂಬಿ ತಂದರೂ ಅದರಿಂದ ಗುಣವಾಯಿತೆಂದು ಜನರು ಸಾಕ್ಷಿ ಹೇಳಿದರೆಂದೂ ಅವರು ತಿಳಿಸುತ್ತಿದ್ದರು. ಮೋಸವಿಲ್ಲದ ಪರೀಕ್ಷೆಯಲ್ಲಿ ಅಲೌಕಿಕ ಶಕ್ತಿಯನ್ನು ತೋರಿಸಿದವರಿಗೆ ಸಿಂಹಳದ ಒಂದು ಲಕ್ಷ ರೂಪಾಯಿ ಕೊಡುವೆನೆಂದು 1963ರಲ್ಲಿ ಸಾರಿದರು. 1978ರಲ್ಲಿ ಅವರು ತೀರಿಕೊಳ್ಳುವ ವರೆಗೂ ಆ ಹಣವನ್ನು ಯಾರೂ ಗೆಲ್ಲಲಿಲ್ಲ.

ಈಗ ಬೇರೆ ಬೇರೆ ಮತದವರು ಈ ಪ್ರಶ್ನೆಗೆ ಏನು ಹೇಳುತ್ತಾರೆಂದು ನೋಡೋಣ. ಬುದ್ಧನು ತನ್ನ ಭಿಕ್ಷುಗಳು ಗೃಹಸ್ಥರ ಮುಂದೆ ಅದ್ಭುತಗಳನ್ನು ತೋರಿಸಬಾರದೆಂದು ವಿಧಿಸಿದನೆಂದು ಬೌದ್ಧರ ಗ್ರಂಥಗಳು ತಿಳಿಸುತ್ತವೆ. ನಮ್ಮ ನಾಡಿನ ಶೂನ್ಯಸಂಪಾದನೆಯಲ್ಲಿ, ಕತ್ತಿಗೂ ಕಡಿಯಲಾಗದ ಕಾಯಸಿದ್ಧಿಯನ್ನು ಪಡೆದ ಗೋರಕ್ಷನಿಗೆ ಅಲ್ಲಮಪ್ರಭುವು ಅದು ನಿಜವಾದ ಸಿದ್ಧಿಯಲ್ಲವೆಂದು ಬೋಧಿಸುವ ಪ್ರಸಂಗವುಂಟು. ಶಿವಾಜಿನಗರದ ನಮ್ಮ ಮುಸಲ್ಮಾನ ನೆರೆಯವರು ಯೇಸುವು ಕುರುಡರನ್ನೂ ಕುಷ್ಠರೋಗಿಗಳನ್ನೂ ವಾಸಿಮಾಡಿದನೆಂದು ನಮ್ಮಂತೆಯೇ ನಂಬುತ್ತಾರೆ. ಆದರೆ ಅದೆಲ್ಲಾ ದೇವರ ಅಪ್ಪಣೆಯಿಂದ ಆಯಿತೆಂದೂ, ಅದರಿಂದ ಆತನು ಪ್ರವಾದಿಯೆಂದು ತಿಳಿಯಬಹುದೇ ಹೊರತು ದೇವರೆಂದಲ್ಲವೆಂದೂ ಅವರ ಕುರಾನು ಕಲಿಸುತ್ತದೆ. ಒಂದೇ ಕಾರ್ಯವನ್ನು ಇಬ್ಬರೂ ಒಪ್ಪಿದರೂ ಅದರ ಅರ್ಥದಲ್ಲಿ ಇಷ್ಟು ದೂರ ಹೋಗಬಹುದೆಂಬದನ್ನು ಗಮನಿಸಿರಿ.

ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮನೆಂಬ ತತ್ತ್ವಜ್ಞನು 1748ರಲ್ಲಿ, ಸಾಕ್ಷಿಯು ಸುಳ್ಳಾಗುವದು ಅದ್ಭುತಕ್ಕಿಂತಲೂ ಅಸಂಭವವಾಗಿದ್ದರೆ ಮಾತ್ರ ಅದ್ಭುತವನ್ನು ನಂಬಬಹುದೆಂದು ವಾದಿಸಿದನು. ಇಂಗ್ಲೆಂಡಿನ ವಿಲಿಯಂ ಪೇಲೀ ಎಂಬ ಬೋಧಕನು 1794ರಲ್ಲಿ ಅವನಿಗೆ ಉತ್ತರವಾಗಿ, ಕಂಡದ್ದನ್ನು ಹೇಳಿ ಶ್ರಮೆಯನ್ನೂ ಮರಣವನ್ನೂ ತಾಳಿಕೊಂಡ ಸಾಕ್ಷಿಗಳ ಮಾತು ಹಗುರವಲ್ಲವೆಂದು ಬರೆದನು. ಈ ವಾದವು ಇಂದಿಗೂ ಮುಗಿದಿಲ್ಲ. ನಮ್ಮ ಕರ್ತನ ಪುನರುತ್ಥಾನವನ್ನು ಯಾವ ಸಮಿತಿಯೂ ಈಗ ತನ್ನ ಎದುರಿಗೆ ತಂದು ನೋಡಲಾರದು. ನಾವು ಅದನ್ನು ಸಾಕ್ಷಿಗಳ ಮಾತಿನಿಂದಲೂ ನಂಬಿಕೆಯಿಂದಲೂ ಹಿಡಿದಿದ್ದೇವೆ. ಸಂದೇಹಪಡುವವನಿಗೆ ಅಷ್ಟು ಸಾಲದಿದ್ದರೆ ಅವನ ಮೇಲೆ ಸಿಟ್ಟಾಗುವದರಿಂದ ಸಾಕ್ಷಿಯು ಬಲವಾಗದು.

ಸತ್ಯವೇದವಾದರೋ ಈ ವಿಷಯದಲ್ಲಿ ನಾವು ಎಣಿಸುವದಕ್ಕಿಂತ ಎಚ್ಚರಿಕೆಯುಳ್ಳದ್ದಾಗಿದೆ. ಮೋಶೆಯ ಮೊದಲಿನ ಸೂಚಕಕಾರ್ಯಗಳನ್ನು ಫರೋಹನ ಮಂತ್ರಗಾರರೂ ಮಾಡಿದರು. ಸೂಚನೆಯನ್ನು ಕೊಟ್ಟು ಅದು ನೆರವೇರಿದರೂ ಜನರನ್ನು ಅನ್ಯದೇವರ ಕಡೆಗೆ ತಿರುಗಿಸುವವನಿಗೆ ಕಿವಿಗೊಡಬಾರದೆಂದು ಧರ್ಮೋಪದೇಶಕಾಂಡದ 13ನೆಯ ಅಧ್ಯಾಯವು ಆಜ್ಞಾಪಿಸುತ್ತದೆ. ಲುಸ್ತ್ರದಲ್ಲಿ ಕುಂಟನು ಎದ್ದು ನಡೆದಾಗ ಜನರು ಪೌಲನನ್ನೂ ಬಾರ್ನಬನನ್ನೂ ದೇವರುಗಳೆಂದು ಪೂಜಿಸಬಂದರು. ಅಪೊಸ್ತಲರು ಬಟ್ಟೆಗಳನ್ನು ಹರಿದುಕೊಂಡು ತಾವು ಬರೀ ಮನುಷ್ಯರೆಂದು ಕೂಗಿದರು. ಅದ್ಭುತವು ಮಾಡಿದವನನ್ನು ದೇವರನ್ನಾಗಿ ಮಾಡುವದಾಗಿದ್ದರೆ ಪೌಲನೂ ದೇವರೇ ಆಗಬೇಕಾಗಿತ್ತು. ನಿಕೊದೇಮನು ಸೂಚಕಕಾರ್ಯಗಳಿಂದ ಯೇಸುವು ದೇವರ ಕಡೆಯಿಂದ ಬಂದ ಬೋಧಕನೆಂದು ತಿಳಿದನು. ಆದರೆ ಅಷ್ಟಕ್ಕೆ ನಿಲ್ಲಬಾರದೆಂದು ಕರ್ತನು ಅವನಿಗೆ ಹೊಸ ಹುಟ್ಟಿನ ಮಾತನ್ನು ಹೇಳಿದನು. ಲಾಜರನು ಸಮಾಧಿಯಿಂದ ಹೊರಗೆ ಬಂದದ್ದನ್ನು ಕಣ್ಣಾರೆ ಕಂಡವರಲ್ಲಿ ಕೆಲವರು ನಂಬಿದರು, ಕೆಲವರು ಹೋಗಿ ಫರಿಸಾಯರಿಗೆ ತಿಳಿಸಿದರು. ಯೇಸುವನ್ನು ಕೊಲ್ಲುವ ಆಲೋಚನೆಯು ಅಲ್ಲಿಂದಲೇ ಬಲವಾಯಿತು. ಯೋಹಾನನ ಸುವಾರ್ತೆಯು ಆತನ ಕಾರ್ಯಗಳನ್ನು ಸಾಕ್ಷಿಯೆಂದು ಕರೆಯುವದು ನಿಜವೇ. ಆದರೆ ಆ ಸಾಕ್ಷಿಯನ್ನು ಆತನ ಬೋಧನೆಯಿಂದಲೂ ಪ್ರೀತಿಯಿಂದಲೂ ಶಿಲುಬೆಯಿಂದಲೂ ಬೇರ್ಪಡಿಸಿ ಒಂಟಿಯಾಗಿ ನಿಲ್ಲಿಸುವದಿಲ್ಲ.

ಪರೀಕ್ಷೆಯು ಅವಿಶ್ವಾಸವೆಂದು ಹೇಳುವವರು ಇನ್ನೊಂದು ಸಂಗತಿಯನ್ನು ನೆನಸಲಿ. ಕರ್ತನು ವಾಸಿಮಾಡಿದ ಕುಷ್ಠರೋಗಿಗಳನ್ನು ಯಾಜಕರಿಗೆ ಮೈ ತೋರಿಸಲು ಕಳುಹಿಸಿದನು. ರೋಗವು ಹೋಯಿತೋ ಇಲ್ಲವೋ ಎಂದು ನೋಡಿ ಹೇಳುವವರು ಆ ಕಾಲದಲ್ಲಿ ಯಾಜಕರೇ. ಫ್ರಾನ್ಸ್ ದೇಶದ ಲೂರ್ದಿನಲ್ಲಿ ರೋಮನ್ ಕಥೋಲಿಕರು 1883ರಿಂದ ವೈದ್ಯರ ಕಛೇರಿಯನ್ನೇ ಇಟ್ಟು, ಗುಣವಾದೆವೆಂದು ಹೇಳಿದ 7,000ಕ್ಕೂ ಹೆಚ್ಚು ಸಂಗತಿಗಳಲ್ಲಿ ಸುಮಾರು 70ನ್ನು ಮಾತ್ರ ಅದ್ಭುತಗಳೆಂದು ಒಪ್ಪಿದ್ದಾರೆ. ಅಲ್ಲಿಯೂ ಗುಣವಾದವನನ್ನು ಯಾರೂ ದೇವರೆನ್ನುವದಿಲ್ಲ.

ಇದು ಪಂಡಿತರ ವಾದ ಮಾತ್ರವೆಂದು ಎಣಿಸಬೇಡಿರಿ. ಇದರಲ್ಲಿ ಪ್ರಾಣದ ಸಂಗತಿಯುಂಟು. ಕ್ಷಯರೋಗದವನು ಸಾಮಾನ್ಯವಾಗಿ 6 ತಿಂಗಳು ಔಷಧ ತಿನ್ನಬೇಕು. ಕೆಲವು ವಾರಗಳಲ್ಲಿಯೇ ಕೆಮ್ಮೂ ಜ್ವರವೂ ಇಳಿಯುತ್ತವೆ. ಆ ಸಮಯದಲ್ಲಿ ಯಾವನಾದರೂ ಅವನ ತಲೆಯ ಮೇಲೆ ಕೈಯಿಟ್ಟು ಗುಣವಾಯಿತೆಂದು ಸಾರಿದರೆ ಅವನು ನಂಬಿ ಮಾತ್ರೆಗಳನ್ನು ಬಿಡುವನು. ಉಳಿದ ಕ್ರಿಮಿಗಳು ತಿರಿಗಿ ಎದ್ದಾಗ ಮೊದಲಿನ ಔಷಧಕ್ಕೆ ಬಗ್ಗದೆ ಹೋಗಬಹುದು. ಮನೆಯ ಮಕ್ಕಳಿಗೂ ರೋಗವು ಅಂಟಬಹುದು. ಮೂರ್ಛೆರೋಗದ ಮಗುವಿನ ಮಾತ್ರೆಯನ್ನೂ ಸಕ್ಕರೆರೋಗದವನ ಇನ್ಸುಲಿನ್ನನ್ನೂ ಹೀಗೆಯೇ ನಿಲ್ಲಿಸಿದರೆ ಮರಣವೇ ಬಂದೀತು. ಹಾವು ಕಚ್ಚಿದವನನ್ನು ವೈದ್ಯರ ಬಳಿಗೆ ಹೋಗದಂತೆ ತಡೆದು ಮಂತ್ರಹಾಕುವದನ್ನು ಕರ್ನಾಟಕದಲ್ಲಿ 2020ರಿಂದ ಜಾರಿಯಲ್ಲಿರುವ ಕಾನೂನು ಶಿಕ್ಷಿಸುತ್ತದೆ. ನೆರೆಯವರ ಪವಾಡಪುರುಷರನ್ನು ಪರೀಕ್ಷಿಸಬೇಕೆಂದು ಹೇಳಿ, ನಮ್ಮ ಪೆಂಡಾಲಿನಲ್ಲಿ ಕುಂಟರು ನಡೆದರೆಂದು ಸಾರುವವನನ್ನು ಮಾತ್ರ ಕೇಳಬಾರದೆಂದರೆ ಅದು ಎರಡು ತಕ್ಕಡಿಗಳನ್ನು ಇಟ್ಟುಕೊಂಡಂತೆ. ರೋಗವು ಮೊದಲು ಇತ್ತೆಂದು ವೈದ್ಯರು ಕಂಡಿದ್ದರೋ, ಈಗ ಇಲ್ಲವೆಂದು ಕಂಡರೋ, ವರುಷವಾದ ಮೇಲೆ ಅವನು ಹೇಗಿದ್ದಾನೆಂದು ಯಾರಾದರೂ ವಿಚಾರಿಸಿದರೋ ಎಂದು ಕೇಳುವ ಅಧಿಕಾರವು ಬಡ ವಿಧವೆಗೂ ಉಂಟು.

ಸತ್ಯಸಾಯಿ ಬಾಬಾ ಅವರ ಭಕ್ತರು ಅವರ ಹೆಸರಿನಲ್ಲಿ ವೈಟ್‌ಫೀಲ್ಡಿನಲ್ಲಿ 2001ರಲ್ಲಿ ದೊಡ್ಡ ಧರ್ಮಾಸ್ಪತ್ರೆಯನ್ನು ತೆರೆದರು. ಅಲ್ಲಿ ಬಡವರಿಗೆ ಹಣವಿಲ್ಲದೆ ಶಸ್ತ್ರಚಿಕಿತ್ಸೆಯಾಗುತ್ತದೆ. ನ್ಯಾಯವಾಗಿ ಮಾತಾಡುವವನು ಇದನ್ನೂ ಹೇಳಬೇಕು. ಒಳ್ಳೆಯ ಕೆಲಸವನ್ನು ಯಾರು ಮಾಡಿದರೂ ಒಳ್ಳೆಯದೇ. ಅದನ್ನು ಎಲ್ಲರೂ ಹೋಗಿ ನೋಡಬಹುದು.

ನರಸಿಂಹಯ್ಯನವರಿಗೆ 1984ರಲ್ಲಿ ಪದ್ಮಭೂಷಣವು ದೊರಕಿತು. ಹೋರಾಟದ ಹಾದಿ ಎಂಬ ಹೆಸರಿನಲ್ಲಿ ತಮ್ಮ ಜೀವನದ ಕಥೆಯನ್ನು ಅವರೇ ಬರೆದಿಟ್ಟಿದ್ದಾರೆ. 2005ರ ಜನವರಿ 31ರಂದು ಅವರು ಬೆಂಗಳೂರಿನಲ್ಲಿ ಕಾಲವಾದರು. ಅದಕ್ಕೆ ಇಪ್ಪತ್ತು ವರುಷಗಳ ಮೇಲಾಯಿತು. ಅವರಿಗೆ ಹೆಂಡತಿಮಕ್ಕಳಿರಲಿಲ್ಲ, ಅವರು ಕಟ್ಟಿ ಬೆಳೆಸಿದ ಶಾಲೆಗಳಲ್ಲಿ ಓದಿದ ಹಳ್ಳಿಯ ಮಕ್ಕಳೇ ಅವರ ಸಂತಾನ. ಅವರ ಅಭಿಪ್ರಾಯಗಳನ್ನೆಲ್ಲಾ ನಾವು ಒಪ್ಪಲಾರೆವು. ಆದರೂ ಸತ್ಯಕ್ಕೆ ಅಂಜದೆ, ಯಾರಿಂದಲೂ ಏನನ್ನೂ ಬಯಸದೆ, ಬಲವುಳ್ಳವರನ್ನೂ ವಿನಯದಿಂದ ಪ್ರಶ್ನಿಸಿದ ಅವರ ನಡತೆಯು ನಮ್ಮಲ್ಲಿಯೂ ಇರತಕ್ಕದ್ದೇ. ಮುಂದಿನ ಸಾರಿ ನಿಮ್ಮ ಊರಿಗೆ ಅದ್ಭುತದ ಸುದ್ದಿ ಬಂದಾಗ, ರೋಗಿಗಾಗಿ ಪ್ರಾರ್ಥನೆ ಮಾಡಿರಿ, ಅವನ ಔಷಧವನ್ನು ತಪ್ಪದೆ ಕೊಡಿರಿ, ಮತ್ತು ನಡೆದದ್ದೇನೆಂದು ನಿಧಾನವಾಗಿ ವಿಚಾರಿಸಿರಿ. ದೇವರಿಂದಾದ ಕಾರ್ಯವು ವಿಚಾರಣೆಯಿಂದ ಅಳಿದುಹೋಗುವದಿಲ್ಲ.