ಎಂಟು ಆಲ್ಬಂ, ಒಂದು ಬದುಕು: ಬಾಬ್ ಮಾರ್ಲಿಗೆ ರ‍್ಯಾಂಕ್ ಕೊಡಲು ಹೋಗಿ...

ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲಕ್ಕೂ ರ‍್ಯಾಂಕ್ ಕೊಡುವ ಚಟವಿದೆ. ಮೆಸ್ಸಿನ ತಿಂಡಿಗೆ, ಐಪಿಎಲ್ ಓಪನರ್‌ಗಳಿಗೆ, ಹಳೆಯ ಸಿನಿಮಾಗಳಿಗೆ, ಕೊನೆಗೆ ಪರೀಕ್ಷಾ ಹಾಲ್‌ನ ಇನ್ವಿಜಿಲೇಟರ್‌ಗಳಿಗೂ. ಕಳೆದ ಸೆಮಿಸ್ಟರ್ ರಿಸಲ್ಟ್ ಬಂದ ವಾರ ಮಾತ್ರ ಆ ಆಟ ನನಗೆ ರುಚಿಸಲಿಲ್ಲ. ಗಣಿತದಲ್ಲಿ ಫೇಲಾಗಿದ್ದೆ. ಬ್ಯಾಕ್‌ಲಾಗ್ ಇದ್ದರೆ ಕ್ಯಾಂಪಸ್‌ನಲ್ಲಿ ಎಷ್ಟು ಕಂಪನಿಗಳ ಬಾಗಿಲು ಮುಚ್ಚುತ್ತದೆ ಎಂಬುದು ಬಿಇ ಓದುವವರಿಗೆಲ್ಲ ಗೊತ್ತು. ಮನೆಗೆ ಹೇಳುವ ಧೈರ್ಯ ಬಂದಿರಲಿಲ್ಲ.

ಅದೇ ವಾರ ಒಂದು ರಾತ್ರಿ ರೂಮ್‌ಮೇಟ್ ತನ್ನ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟ. ಬಾಬ್ ಮಾರ್ಲಿ. ಆ ಮುಖವನ್ನು ಟೀ ಶರ್ಟ್‌ಗಳ ಮೇಲೆ ನೋಡಿದ್ದೆ, ಹಾಡು ಕೇಳಿರಲಿಲ್ಲ. ಮೊದಲ ಹಾಡಿನಲ್ಲಿ ಅರ್ಧ ಮಾತು ಅರ್ಥವಾಗಲಿಲ್ಲ. ಕನ್ನಡ ಮೀಡಿಯಂನಿಂದ ಬಂದ ನನಗೆ ಇದು ಹೊಸದಲ್ಲ. ಆದರೆ ಕಾನ್ವೆಂಟಿನಲ್ಲಿ ಓದಿದ ರೂಮ್‌ಮೇಟ್‌ಗೂ ಅರ್ಥವಾಗಿರಲಿಲ್ಲ! ಅದು ಜಮೈಕಾದ ಆಡುನುಡಿ ಪಟ್ವಾ. ಮೊದಲ ಬಾರಿಗೆ ಇಂಗ್ಲಿಷ್ ಹಾಡಿನ ಮುಂದೆ ನಾವಿಬ್ಬರೂ ಸಮಾನರಾಗಿ ಕೂತಿದ್ದೆವು.

ಪದ ಬಿಟ್ಟು ತಾಳ ಹಿಡಿದೆವು. ಬೇರೆ ಹಾಡುಗಳಲ್ಲಿ ಡ್ರಮ್ಮಿನ ಪೆಟ್ಟು ಮೊದಲ ಎಣಿಕೆಗೇ ಬೀಳುತ್ತದೆ. ರೆಗೆಯ ಒನ್ ಡ್ರಾಪ್ ತಾಳದಲ್ಲಿ ನಾಲ್ಕು ಎಣಿಕೆಯ ಪೈಕಿ ಮೊದಲನೆಯದು ಖಾಲಿ, ಭಾರವೆಲ್ಲ ಮೂರನೆಯದರ ಮೇಲೆ. ಗಿಟಾರ್ ಎರಡು ಎಣಿಕೆಗಳ ನಡುವಿನ ಸಂದಿಯಲ್ಲಿ ಕತ್ತರಿಸಿದಂತೆ ಬರುತ್ತದೆ. ರಾಗ ಎಳೆದುಕೊಂಡು ಹೋಗುವುದು ಬೇಸ್. ಒಂದು ತಪ್ಪಿಹೋದ ಮೇಲೂ ತಾಳ ಕೆಡುವುದಿಲ್ಲ ಎಂಬುದೇ ಆ ವಾರ ನನಗೆ ದೊಡ್ಡ ಸಮಾಧಾನವಾಗಿತ್ತು.

ಬಾಬ್ ಬದುಕಿದ್ದಾಗ ವೇಲರ್ಸ್ ತಂಡ 1973ರಿಂದ 1980ರವರೆಗೆ ಐಲೆಂಡ್ ಕಂಪನಿಗೆ ಮಾಡಿಕೊಟ್ಟ ಸ್ಟುಡಿಯೊ ಆಲ್ಬಂಗಳು ಎಂಟು. ಅವುಗಳಿಗೆ ರ‍್ಯಾಂಕ್ ಕೊಡಬೇಕು ಎಂದು ಪಂದ್ಯ ಕಟ್ಟಿದೆವು. ನಿಯಮ ಒಂದೇ: ಒಳ್ಳೆಯ ಎರಡು ಹಾಡಿದ್ದರೆ ಸಾಲದು, ಆಲ್ಬಂ ಪೂರ್ತಿ ಕೇಳಿಸಿಕೊಳ್ಳಬೇಕು. ಆದರೆ ರ‍್ಯಾಂಕ್ ಕೊಡಲು ಹೋದರೆ ಬದುಕು ಅಡ್ಡ ಬಂತು.

ಕಿಡಿ ಬಿದ್ದ ಕಣ್ಣು

ಬಾಬ್ ಹುಟ್ಟಿದ್ದು 1945ರ ಫೆಬ್ರುವರಿ 6ರಂದು, ಜಮೈಕಾದ ಸೇಂಟ್ ಆ್ಯನ್ ಪ್ರಾಂತ್ಯದ ನೈನ್ ಮೈಲ್ ಎಂಬ ಗುಡ್ಡದ ಹಳ್ಳಿಯಲ್ಲಿ. ತಾಯಿ ಸೆಡೆಲ್ಲಾಗೆ ಆಗ ಹದಿನೆಂಟರ ಹರೆಯ, ಕಪ್ಪು ಹುಡುಗಿ. ತಂದೆ ನಾರ್ವಲ್ ಅರವತ್ತರ ಆಸುಪಾಸಿನ ಬಿಳಿಯ. ಮದುವೆಯಾದರೂ ಜತೆಗಿರಲಿಲ್ಲ. ಬಾಬ್ ಹತ್ತು ವರ್ಷದವನಿದ್ದಾಗ ತೀರಿಕೊಂಡ. ಕಪ್ಪು ಹುಡುಗರಿಗೆ ಬಿಳಿಯ, ಬಿಳಿಯರಿಗೆ ಕರಿಯ. ಹುಡುಗ ಎಲ್ಲಿಯೂ ಸಲ್ಲಲಿಲ್ಲ.

ತಾಯಿ ಮಗನನ್ನು ಕಟ್ಟಿಕೊಂಡು ರಾಜಧಾನಿ ಕಿಂಗ್‌ಸ್ಟನ್‌ನ ಟ್ರೆಂಚ್ ಟೌನ್ ಎಂಬ ಬಡವರ ಬಡಾವಣೆಗೆ ಬಂದಳು. ಶಾಲೆ ಅರ್ಧಕ್ಕೇ ನಿಂತಿತು. ಹುಡುಗನನ್ನು ವೆಲ್ಡಿಂಗ್ ಕೆಲಸಕ್ಕೆ ಹಾಕಿದರು. ಅಲ್ಲಿ ಲೋಹದ ಚೂರೊಂದು ಕಣ್ಣಿಗೆ ಸಿಡಿಯಿತು. ಜತೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಡೆಸ್ಮಂಡ್ ಡೆಕ್ಕರ್ ಆಗಲೇ ಹಾಡುವ ದಾರಿ ಹಿಡಿದಿದ್ದ. 1962ರಲ್ಲಿ ಬಾಬ್ ಕೂಡ ಲೆಸ್ಲಿ ಕಾಂಗ್ ಎಂಬ ನಿರ್ಮಾಪಕನ ಬಳಿ ಮೊದಲ ಹಾಡು ರೆಕಾರ್ಡ್ ಮಾಡಿದ.

ಇದನ್ನು ಓದುವಾಗ ನಾನು ಸ್ವಲ್ಪ ಹೊತ್ತು ನಿಂತೆ. ನನ್ನ ಅಪ್ಪ ಊರಲ್ಲಿ ಗೇಟು, ಕಿಟಕಿ ಗ್ರಿಲ್ ಮಾಡುವ ಸಣ್ಣ ವೆಲ್ಡಿಂಗ್ ಶಾಪ್ ಇಟ್ಟುಕೊಂಡಿದ್ದಾರೆ. ಸಂಜೆ ಅವರ ಕಣ್ಣು ಕೆಂಪಾಗಿರುವುದನ್ನು ನೋಡಿಕೊಂಡೇ ಬೆಳೆದವನು ನಾನು. ಮಗನ ಕೈಗೆ ಹೋಲ್ಡರ್ ಬರಬಾರದು ಎಂದೇ ಅವರು ನನ್ನನ್ನು ಎಂಜಿನಿಯರಿಂಗ್‌ಗೆ ಸೇರಿಸಿದ್ದು.

ಗೆಳೆಯರಾದ ಬನ್ನಿ ಲಿವಿಂಗ್‌ಸ್ಟನ್, ಪೀಟರ್ ಟಾಶ್ ಸೇರಿ ತಂಡ ಕಟ್ಟಿದರು. ಜೋ ಹಿಗ್ಸ್ ಎಂಬ ಗಾಯಕ ಟ್ರೆಂಚ್ ಟೌನಿನ ಅಂಗಳದಲ್ಲೇ ಅವರಿಗೆ ಪಾಠ ಹೇಳಿದ. 1964ರಲ್ಲಿ ‘ಸಿಮ್ಮರ್ ಡೌನ್’ ಜಮೈಕಾದಲ್ಲಿ ಮೊದಲ ಸ್ಥಾನಕ್ಕೇರಿತು. ಹಾಡು ಊರೆಲ್ಲ ಕೇಳಿಸಿದರೂ ಜೇಬು ತುಂಬಲಿಲ್ಲ. 1966ರಲ್ಲಿ ರೀಟಾಳನ್ನು ಮದುವೆಯಾದ ಬಾಬ್, ಅಮೆರಿಕದ ಡೆಲವೇರ್‌ನಲ್ಲಿದ್ದ ತಾಯಿಯ ಬಳಿ ಹೋಗಿ ಕಾರು ಕಾರ್ಖಾನೆಯಲ್ಲಿಯೂ ದುಡಿದ. ಕೂಡಿಟ್ಟ ಹಣದೊಂದಿಗೆ ಮರಳಿ ಬಂದು ಸ್ವಂತ ಲೇಬಲ್ ಶುರು ಮಾಡಿದ. ರಸ್ತಫಾರಿ ಪಂಥವನ್ನು ಅಪ್ಪಿಕೊಂಡದ್ದೂ ಆ ವರ್ಷಗಳಲ್ಲೇ. ಹೊರಗಿನ ಜಗತ್ತಿಗೆ ಅವನ ಹೆಸರು ಮುಟ್ಟುವ ಹೊತ್ತಿಗೆ ಹಾಡಲು ಶುರು ಮಾಡಿ ಹತ್ತು ವರ್ಷವಾಗಿತ್ತು.

ಕ್ಯಾಚ್ ಎ ಫೈರ್ (1973): 3ನೇ ಸ್ಥಾನ

1972ರಲ್ಲಿ ತಂಡ ಲಂಡನ್‌ನಲ್ಲಿ ಕೈ ಬರಿದಾಗಿ ಸಿಕ್ಕಿಕೊಂಡಿತ್ತು. ಐಲೆಂಡ್ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್ 4,000 ಪೌಂಡ್ ಮುಂಗಡ ಕೊಟ್ಟು ಊರಿಗೆ ಕಳಿಸಿದ. ಹಣ ಮುಳುಗಿತು ಎಂದೇ ಹಲವರು ಅವನಿಗೆ ಹೇಳಿದ್ದರಂತೆ. ತಂಡ ಜಮೈಕಾದಲ್ಲಿ ರೆಕಾರ್ಡ್ ಮಾಡಿ ಟೇಪು ತಂದುಕೊಟ್ಟಿತು. ರಾಕ್ ಕೇಳುವವರಿಗೂ ರುಚಿಸಲಿ ಎಂದು ಲಂಡನ್‌ನಲ್ಲಿ ಅದರ ಮೇಲೆ ಗಿಟಾರ್, ಕೀಬೋರ್ಡ್ ಸೇರಿಸಿದರು. ಹೊದಿಕೆ ಸಿಗರೇಟ್ ಲೈಟರಿನಂತೆ ತೆರೆದುಕೊಳ್ಳುತ್ತಿತ್ತು. ಆದರೂ ಅಡಿಯಲ್ಲಿ ಕಿಂಗ್‌ಸ್ಟನ್‌ನ ಬೇಸ್ ಅಲುಗಾಡದೆ ನಿಂತಿದೆ. ಅದಕ್ಕೇ ಮೂರನೇ ಸ್ಥಾನ.

ಬರ್ನಿನ್ (1973): 7ನೇ ಸ್ಥಾನ

ಆರೇಳು ತಿಂಗಳಲ್ಲಿ ಎರಡನೆಯದು. ‘ಗೆಟ್ ಅಪ್, ಸ್ಟ್ಯಾಂಡ್ ಅಪ್’, ‘ಐ ಶಾಟ್ ದ ಶೆರಿಫ್’ ಇದರಲ್ಲೇ ಇವೆ. ಎರಡನೆಯದನ್ನು 1974ರಲ್ಲಿ ಎರಿಕ್ ಕ್ಲ್ಯಾಪ್ಟನ್ ಹಾಡಿದಾಗ ಅದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಆದರೆ ಉಳಿದವುಗಳಲ್ಲಿ ಹಲವು ತಂಡದ ಹಳೆಯ ಹಾಡುಗಳನ್ನೇ ಮತ್ತೆ ಮಾಡಿದ್ದು. ಎರಡು ಪ್ರಶ್ನೆಗೆ ಪೂರ್ತಿ ಅಂಕ ಪಡೆದು ಮಿಕ್ಕದ್ದಕ್ಕೆ ಹಳೆಯ ನೋಟ್ಸ್ ಬರೆದ ಪೇಪರಿನಂತೆ ನನಗೆ ಕಾಣುತ್ತದೆ. ರೂಮ್‌ಮೇಟ್ ಈ ಮಾತಿಗೆ ಎರಡು ದಿನ ಮುನಿಸಿಕೊಂಡಿದ್ದ.

ನ್ಯಾಟಿ ಡ್ರೆಡ್ (1974): 1ನೇ ಸ್ಥಾನ

ನನ್ನ ಮೊದಲ ರ‍್ಯಾಂಕ್ ಇದಕ್ಕೆ. ಬನ್ನಿಗೆ ವಿದೇಶ ಪ್ರವಾಸ ಒಗ್ಗಲಿಲ್ಲ. ಟಾಶ್‌ಗೆ ತನ್ನ ಹಾಡುಗಳಿಗೂ ಜಾಗ ಬೇಕಿತ್ತು. 1974ರ ಹೊತ್ತಿಗೆ ಇಬ್ಬರೂ ಹೊರಟುಹೋದರು. ಹದಿಹರೆಯದಿಂದ ಜತೆಗೆ ಹಾಡಿದವರು ಅವರು. ಹೋದ ದನಿಗಳ ಜಾಗಕ್ಕೆ ರೀಟಾ, ಜೂಡಿ ಮೊವಾಟ್, ಮಾರ್ಷಿಯಾ ಗ್ರಿಫಿತ್ಸ್ ಎಂಬ ಮೂವರು ಹೆಣ್ಣುಮಕ್ಕಳು ಬಂದರು. ಬೇಸ್ ಹಿಡಿದಿದ್ದ ಆ್ಯಸ್ಟನ್ ಬ್ಯಾರೆಟ್, ಡ್ರಮ್ಸ್ ನುಡಿಸುತ್ತಿದ್ದ ಅವನ ತಮ್ಮ ಕಾರ್ಲ್‌ಟನ್ ಕೈಬಿಡಲಿಲ್ಲ.

ಒಬ್ಬನೇ ಉಳಿದವನು ಮೆತ್ತಗಾಗಬಹುದಿತ್ತು. ಆದರೆ ಈ ಆಲ್ಬಂನಲ್ಲಿ ಹಸಿವು, ಸಿಟ್ಟು, ನೆನಪು ಎಲ್ಲವೂ ಒಂದೇ ಉಸಿರಿನಲ್ಲಿವೆ. ‘ನೋ ವುಮನ್, ನೋ ಕ್ರೈ’ ಇರುವುದೂ ಇಲ್ಲೇ. ಅದರ ಕರ್ತೃವಿನ ಜಾಗದಲ್ಲಿ ಬಾಬ್ ಹೆಸರಿಲ್ಲ. ಟ್ರೆಂಚ್ ಟೌನಿನಲ್ಲಿ ಹಸಿದ ಹುಡುಗರಿಗೆ ಅಡುಗೆ ಮಾಡಿ ಬಡಿಸುತ್ತಿದ್ದ ಗೆಳೆಯ ವಿನ್ಸೆಂಟ್ ಫೋರ್ಡ್ ಹೆಸರಿದೆ. ಜಗತ್ತು ಹೆಚ್ಚು ಕೇಳಿರುವುದು 1975ರ ಲಂಡನ್ ಕಛೇರಿಯಲ್ಲಿ ಹಾಡಿದ್ದನ್ನು. ನನಗೆ ಸ್ಟುಡಿಯೊದ ಸಣ್ಣ ದನಿಯೇ ಇಷ್ಟ.

ರಸ್ತಮನ್ ವೈಬ್ರೇಷನ್ (1976): 8ನೇ ಸ್ಥಾನ

ತಮಾಷೆ ನೋಡಿ, ಬಾಬ್ ಬದುಕಿದ್ದಾಗ ಅಮೆರಿಕದ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂದದ್ದು ಇದೊಂದೇ. ಎಂಟನೇ ಸ್ಥಾನಕ್ಕೆ ಹೋಗಿತ್ತು. ನನ್ನ ಪಟ್ಟಿಯಲ್ಲೂ ಎಂಟನೆಯದೇ, ಆದರೆ ಎಂಟರಲ್ಲಿ ಎಂಟು! 1963ರಲ್ಲಿ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ವಿಶ್ವಸಂಸ್ಥೆಯಲ್ಲಿ ಮಾಡಿದ ಭಾಷಣವನ್ನೇ ಹಾಡಾಗಿಸಿದ ‘ವಾರ್’ ಮೈ ನಡುಗಿಸುತ್ತದೆ. ಮಿಕ್ಕವು ಅಷ್ಟು ಹಿಡಿದು ಕೂರಿಸುವುದಿಲ್ಲ. ಮಾರಾಟದ ಅಂಕಿಗೂ ಮನಸ್ಸಿನ ಅಂಕಿಗೂ ಇಷ್ಟು ದೂರ.

ಎಕ್ಸೋಡಸ್ (1977): 2ನೇ ಸ್ಥಾನ, ಕಾಯಾ (1978): 5ನೇ ಸ್ಥಾನ

ಈ ಎರಡನ್ನು ಒಟ್ಟಿಗೇ ಹೇಳಬೇಕು. ಅದಕ್ಕೆ ಕಾರಣವಿದೆ.

ಆಗ ಜಮೈಕಾದಲ್ಲಿ ಎರಡು ಪಕ್ಷಗಳ ಬೆಂಬಲಿಗರು ಬೀದಿಯಲ್ಲಿ ಬಂದೂಕು ಹಿಡಿದಿದ್ದರು. ಬಾಬ್ ಉಚಿತ ಶಾಂತಿ ಕಛೇರಿಗೆ ಒಪ್ಪಿಕೊಂಡ. ಅದಕ್ಕೆ ಎರಡು ದಿನ ಮೊದಲು, 1976ರ ಡಿಸೆಂಬರ್ 3ರ ರಾತ್ರಿ, ಹೋಪ್ ರೋಡಿನ ಅವನ ಮನೆಗೆ ನುಗ್ಗಿದವರು ಗುಂಡು ಹಾರಿಸಿದರು. ಬಾಬ್‌ನ ಎದೆ ಸವರಿಕೊಂಡು ಹೋದ ಗುಂಡು ತೋಳಿಗೆ ತಾಗಿತು. ರೀಟಾಳ ತಲೆಗೆ ಪೆಟ್ಟಾಯಿತು. ಮ್ಯಾನೇಜರ್ ಡಾನ್ ಟೇಲರ್ ಸಾವಿನಂಚಿಗೆ ಹೋಗಿ ಬಂದ. ಡಿಸೆಂಬರ್ 5ರಂದು ಬಾಬ್ ಗಾಯದ ತೋಳಿನಲ್ಲೇ ವೇದಿಕೆ ಹತ್ತಿದ. ಆಮೇಲೆ ದೇಶ ಬಿಟ್ಟು ಲಂಡನ್ ಸೇರಿದ.

1977ರ ಆರಂಭದ ತಿಂಗಳುಗಳಲ್ಲಿ ಲಂಡನ್‌ನಲ್ಲಿ ಮಾಡಿದ ರೆಕಾರ್ಡಿಂಗ್‌ನಿಂದ ಎರಡು ಆಲ್ಬಂ ಹುಟ್ಟಿದವು. ಮೊದಲು ಬಂದ ಎಕ್ಸೋಡಸ್‌ನ ಒಂದು ಮಗ್ಗುಲಲ್ಲಿ ನಂಬಿಕೆ, ಹೋರಾಟ. ಇನ್ನೊಂದು ಮಗ್ಗುಲಲ್ಲಿ ‘ಜ್ಯಾಮಿಂಗ್’, ‘ತ್ರೀ ಲಿಟಲ್ ಬರ್ಡ್ಸ್’, ‘ಒನ್ ಲವ್’ನಂಥ ಹಗುರ ಹಾಡುಗಳು. 1999ರಲ್ಲಿ ಟೈಮ್ ಪತ್ರಿಕೆ ಇದನ್ನು ಶತಮಾನದ ಅತ್ಯುತ್ತಮ ಆಲ್ಬಂ ಎಂದು ಆರಿಸಿತು. ರೂಮ್‌ಮೇಟ್ ಪಟ್ಟಿಯಲ್ಲೂ ಇದೇ ಒಂದು. ನನಗೆ ನ್ಯಾಟಿ ಡ್ರೆಡ್‌ಗಿಂತ ಕೂದಲೆಳೆಯಷ್ಟು ಕಡಿಮೆ.

ಮರುವರ್ಷ ಕಾಯಾ ಬಂದಾಗ ವಿಮರ್ಶಕರು ಬಾಬ್ ಮೆತ್ತಗಾದ ಎಂದರು. ನಮಗೆ ಕಾಯ ಎಂದರೆ ದೇಹ. ಜಮೈಕಾದಲ್ಲಿ ಆ ಪದಕ್ಕೆ ಗಾಂಜಾ ಎಂದರ್ಥ. ರಸ್ತಫಾರಿಗಳಿಗೆ ಅದು ಆರಾಧನೆಯ ಭಾಗ. ಗಾಂಜಾ ಎಂಬ ಪದ ಅಲ್ಲಿಗೆ ಹೋದದ್ದು 1845ರಿಂದ ಕೂಲಿಗಾಗಿ ಹಡಗೇರಿದ ಭಾರತೀಯರ ಜತೆ. ನಾನು ಹಾಡನ್ನು ಮಾತ್ರ ಮೆಚ್ಚಿದ್ದೇನೆ, ಅಪ್ಪ ಓದಿದರೆ ತಿಳಿಯಲಿ!

ನಾನೂ ಮೊದಲು ಕಾಯಾಗೆ ಕೊನೆಯ ಸ್ಥಾನ ಕೊಟ್ಟಿದ್ದೆ. ಆಮೇಲೆ ಗೊತ್ತಾಯಿತು, ಎರಡಕ್ಕೂ ಅದೇ ಊರು, ಅದೇ ತಂಡ, ಅವೇ ತಿಂಗಳುಗಳು. ಒಂದಕ್ಕೆ ಶತಮಾನದ ಮೊದಲ ರ‍್ಯಾಂಕ್, ಇನ್ನೊಂದು ಪೆಚ್ಚು ಎಂಬ ಮಾತು. ಗುಂಡಿನಿಂದ ಪಾರಾಗಿ ಪರದೇಶದಲ್ಲಿ ಕೂತವನು ಬಿಸಿಲು, ಮಳೆ, ಪ್ರೀತಿ ಎಂದು ಹಾಡಿದರೆ ಅದು ಸೋಮಾರಿತನವಲ್ಲ, ಉಸಿರು ಬಿಡುವುದು. ಮತ್ತೆ ಕೇಳಿದೆ. ಎಂಟರಿಂದ ಐದಕ್ಕೆ ತಂದೆ.

ಸರ್ವೈವಲ್ (1979): 4ನೇ ಸ್ಥಾನ

1978ರ ಏಪ್ರಿಲ್ 22ರಂದು ಕಿಂಗ್‌ಸ್ಟನ್‌ನ ಒನ್ ಲವ್ ಕಛೇರಿಯಲ್ಲಿ ಬಾಬ್ ಪ್ರಧಾನಿ ಮೈಕೆಲ್ ಮ್ಯಾನ್ಲಿ, ವಿರೋಧ ಪಕ್ಷದ ಎಡ್ವರ್ಡ್ ಸಿಯಾಗ ಇಬ್ಬರನ್ನೂ ವೇದಿಕೆಗೆ ಕರೆದು ಕೈ ಜೋಡಿಸಿದ. ಚಿತ್ರ ಅಮರವಾಯಿತು, ಕೊಲೆಗಳು ನಿಲ್ಲಲಿಲ್ಲ. 1980ರ ಚುನಾವಣೆ ವರ್ಷದಲ್ಲಿ ನೂರಾರು ಜನ ಸತ್ತರು. ಹಾಡಿಗೆ ಮಿತಿಯಿದೆ ಎಂದು ಅವನಿಗೂ ಗೊತ್ತಿತ್ತೇನೋ. ಸರ್ವೈವಲ್‌ನಲ್ಲಿ ನಗು ಕಡಿಮೆ. ಹೊದಿಕೆಯ ತುಂಬ ಆಫ್ರಿಕಾದ ದೇಶಗಳ ಧ್ವಜ, ಹೆಸರಿನ ಹಿಂದೆ ಗುಲಾಮರನ್ನು ಸರಕಿನಂತೆ ಜೋಡಿಸಿದ ಹಡಗಿನ ನಕ್ಷೆ. ಇದರಲ್ಲಿ ‘ಜಿಂಬಾಬ್ವೆ’ ಎಂದು ಹಾಡಿದಾಗ ಆ ಹೆಸರಿನ ಸ್ವತಂತ್ರ ದೇಶ ಇನ್ನೂ ಹುಟ್ಟಿರಲಿಲ್ಲ. 1980ರ ಏಪ್ರಿಲ್‌ನಲ್ಲಿ ಅದು ಸ್ವತಂತ್ರವಾದ ರಾತ್ರಿ ರುಫಾರೊ ಮೈದಾನದಲ್ಲಿ ಅದನ್ನು ಹಾಡಲು ಬಾಬ್ ಹೋಗಿದ್ದ. ತಂಡವನ್ನೂ ಸಲಕರಣೆಯನ್ನೂ ಸಾಗಿಸಿದ್ದು ಸ್ವಂತ ಖರ್ಚಿನಲ್ಲಿ.

ಅಪ್‌ರೈಸಿಂಗ್ (1980): 6ನೇ ಸ್ಥಾನ

1977ರಲ್ಲೇ ಬಾಬ್‌ನ ಕಾಲ್ಬೆರಳಿನ ಉಗುರಿನಡಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಪತ್ತೆಯಾಗಿತ್ತು. ಫುಟ್‌ಬಾಲ್ ಆಟದ ಗಾಯ ಎಂದೇ ಮೊದಲು ತಿಳಿದಿದ್ದರು. ಬೆರಳು ತೆಗೆಯಬೇಕು ಎಂದ ವೈದ್ಯರಿಗೆ ಬಾಬ್ ಒಪ್ಪಲಿಲ್ಲ. ದೇಹದ ಭಾಗ ಕತ್ತರಿಸುವುದು ಅವನ ಪಂಥಕ್ಕೆ ಸಮ್ಮತವಿರಲಿಲ್ಲ. ಚಿಕ್ಕ ಶಸ್ತ್ರಚಿಕಿತ್ಸೆಯಷ್ಟೇ ಆಯಿತು. ಅವನನ್ನು ಎಷ್ಟೇ ಮೆಚ್ಚಿದರೂ ಈ ನಿರ್ಧಾರವನ್ನು ನಾನು ಮೆಚ್ಚಲಾರೆ. ಸಣ್ಣದಾಗಿದ್ದಾಗ ಎದುರಿಸದ್ದು ಒಳಗೇ ಬೆಳೆಯಿತು.

ಅಪ್‌ರೈಸಿಂಗ್‌ನಲ್ಲಿ ಕುಣಿಸುವ ‘ಕುಡ್ ಯು ಬಿ ಲವ್ಡ್’ ಇದೆ. ನಡುವಿನ ಕೆಲವು ಹಾಡು ಜಾರಿಹೋಗುತ್ತವೆ, ಅದಕ್ಕೇ ಆರನೇ ಸ್ಥಾನ. ಆದರೆ ಕೊನೆಯ ಹಾಡಿಗೆ ಬಂದಾಗ ಡ್ರಮ್ ಇಲ್ಲ, ಬೇಸ್ ಇಲ್ಲ. ಒಂದು ಗಿಟಾರ್, ಒಂದು ಕಂಠ. ‘ರಿಡೆಂಪ್ಷನ್ ಸಾಂಗ್’. ಬರೀ ಹಾಡಿಗೆ ರ‍್ಯಾಂಕ್ ಕೊಡುವುದಾಗಿದ್ದರೆ ಲೆಕ್ಕವೇ ಬೇರೆಯಾಗುತ್ತಿತ್ತು.

1980ರ ಸೆಪ್ಟೆಂಬರ್ 21ರಂದು ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕಿನಲ್ಲಿ ಓಡುತ್ತಿದ್ದಾಗ ಬಾಬ್ ಕುಸಿದ. ಕ್ಯಾನ್ಸರ್ ಮಿದುಳಿಗೂ ಹಬ್ಬಿತ್ತು. ಎರಡು ದಿನ ಬಿಟ್ಟು ಪಿಟ್ಸ್‌ಬರ್ಗ್‌ನಲ್ಲಿ ಹಾಡಿದ್ದೇ ಕೊನೆಯ ಕಛೇರಿ. ಜರ್ಮನಿಯಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ ಪಡೆದು ಊರಿಗೆ ಹೊರಟವನು ದಾರಿಯಲ್ಲಿ, ಮಯಾಮಿಯಲ್ಲಿ, 1981ರ ಮೇ 11ರಂದು ತೀರಿಕೊಂಡ. ವಯಸ್ಸು 36. ಜಮೈಕಾ ಸರ್ಕಾರಿ ಗೌರವದೊಂದಿಗೆ ಕಳಿಸಿಕೊಟ್ಟಿತು. ಮಣ್ಣಾದದ್ದು ಹುಟ್ಟಿದ ನೈನ್ ಮೈಲ್‌ನಲ್ಲೇ. 1983ರ ‘ಕನ್ಫ್ರಂಟೇಷನ್’ ಅವನು ಹೋದ ಮೇಲೆ ಇತರರು ಜೋಡಿಸಿದ್ದು, 1984ರ ‘ಲೆಜೆಂಡ್’ ಹಳೆಯ ಹಾಡುಗಳ ಸಂಗ್ರಹ. ಹಾಗಾಗಿ ಎರಡನ್ನೂ ಪಟ್ಟಿಯಿಂದ ಹೊರಗಿಟ್ಟೆ.

ಪಟ್ಟಿ ಮುಗಿದ ಮೇಲೆ

ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೇವೆ. ರೂಮ್‌ಮೇಟ್ ದಿನಕ್ಕೊಮ್ಮೆ ಪೆನ್ಸಿಲ್‌ನಲ್ಲಿ ತಿದ್ದುತ್ತಾನೆ, ನಾನು ಅಳಿಸುತ್ತೇನೆ. ಪೆನ್ನಿನಲ್ಲಿ ಬರೆದಿಲ್ಲ ಎನ್ನುವುದೇ ಅದರ ಚೆಂದ. ಮಾರ್ಕ್ಸ್‌ಕಾರ್ಡು ಮಾತ್ರ ಹಾಗಲ್ಲ, ಅಲ್ಲಿಯ ಅಂಕಿ ತಿದ್ದಲು ಮತ್ತೆ ಪರೀಕ್ಷೆಗೇ ಕೂರಬೇಕು. ಕಟ್ಟಿದ್ದೇನೆ.

ಆದರೆ ಆ ಕಾಲ್ಬೆರಳಿನ ಕಥೆ ತಲೆಯಿಂದ ಹೋಗಲಿಲ್ಲ. ಸಣ್ಣದನ್ನು ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದವನು ನಾನೂ ಆಗಿದ್ದೆ. ಒಂದು ಸಂಜೆ, ಶಾಪ್ ಮುಚ್ಚುವ ಹೊತ್ತಿಗೆ ಅಪ್ಪನಿಗೆ ಫೋನ್ ಮಾಡಿ ಗಣಿತ ಹೋಗಿದೆ ಎಂದು ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದೆ ಗ್ರೈಂಡರಿನ ಸದ್ದು ಕೇಳಿಸುತ್ತಿತ್ತು. ಆಮೇಲೆ ಮತ್ತೆ ಪರೀಕ್ಷೆ ಯಾವಾಗ ಎಂದು ಕೇಳಿದರು. ಊಟ ಆಯಿತಾ ಎಂದು ಕೇಳಿದರು. ಅಷ್ಟೇ.

ಆ ರಾತ್ರಿ ನಿದ್ದೆ ಚೆನ್ನಾಗಿ ಬಂತು. ಇಯರ್‌ಫೋನಿನಲ್ಲಿ ಕಾಯಾ ಓಡುತ್ತಿತ್ತು.