ಫತಹುಲ್ಲಾ ಶಿರಾಜಿ

ಮೀರ್ ಫತಹುಲ್ಲಾ ಶಿರಾಜಿ (ಮರಣ: 1589) ಹದಿನಾರನೆಯ ಶತಮಾನದ ಪಾರಸಿಕ ವಿದ್ವಾಂಸ, ಗಣಿತಜ್ಞ ಮತ್ತು ಯಂತ್ರಶಿಲ್ಪಿ. ಈತನು ಮೊದಲು ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿಯೂ ಅನಂತರ ಮೊಘಲ್ ಚಕ್ರವರ್ತಿ ಅಕ್ಬರನ ಆಸ್ಥಾನದಲ್ಲಿಯೂ ಇದ್ದನು. ಬಂದೂಕಿನ ನಳಿಗೆಗಳ ಒಳಮೈಯನ್ನು ಶುದ್ಧಗೊಳಿಸುವ ಯಂತ್ರದೊಂದಿಗೆ ಈತನ ಹೆಸರು ಸೇರಿಕೊಂಡಿದೆ.

ವಿಜಯಪುರದಲ್ಲಿ

ಇರಾನಿನ ಶಿರಾಜ್‌ನವನಾದ ಫತಹುಲ್ಲಾ ಒಂದನೆಯ ಅಲಿ ಆದಿಲ್ ಶಾಹನ ಆಹ್ವಾನದ ಮೇರೆಗೆ ದಖನ್ನಿಗೆ ಬಂದನು. ಇಂದಿನ ಕಲಬುರಗಿ ಪ್ರದೇಶವೂ ಆಗ ಆದಿಲ್‌ಶಾಹಿ ರಾಜ್ಯದಲ್ಲಿತ್ತು. ಹೊರನಾಡಿನ ಕುಶಲಿಗಳು ದಖನ್ನಿನ ತೋಪುಖಾನೆಗಳಿಗೆ ಹೊಸಬರಾಗಿರಲಿಲ್ಲ. ವಿಜಯಪುರದ ಕೋಟೆಯಲ್ಲಿ ಈಗ ಕಾಣುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದವನೂ ರೂಮಿ ಎಂಬ ಉಪನಾಮದ ತುರ್ಕನೇ. 1580ರಲ್ಲಿ ಅಲಿ ಆದಿಲ್ ಶಾಹನ ಕೊಲೆಯಾಯಿತು. ಮೂರು ವರ್ಷಗಳ ತರುವಾಯ ಫತಹುಲ್ಲಾ ಅಕ್ಬರನ ಕರೆಯಂತೆ ಫತೇಪುರ್ ಸಿಕ್ರಿಗೆ ತೆರಳಿದನು.

ಅಕ್ಬರನ ಸೇವೆಯಲ್ಲಿ

1584ರಲ್ಲಿ ಜಾರಿಗೆ ಬಂದ, ಸೌರಮಾನವನ್ನು ಆಧರಿಸಿದ ಇಲಾಹಿ ಶಕೆಯ ಗಣನೆ ಈತನದು. ಮರುವರ್ಷ ಅಮೀನ್-ಉಲ್-ಮುಲ್ಕ್ ಎಂಬ ಬಿರುದು ದೊರೆಯಿತು. ಕಂದಾಯದ ವಿಷಯಗಳಲ್ಲಿ ತೋದರಮಲ್ಲನು ಈತನ ಸಲಹೆ ಪಡೆಯಬೇಕೆಂದು ಆಜ್ಞೆಯಾಯಿತು. ಇಷ್ಟು ದೊಡ್ಡ ಪಂಡಿತನು ಹೆಗಲಿಗೆ ಬಂದೂಕು, ಸೊಂಟಕ್ಕೆ ಮದ್ದಿನ ಚೀಲ ಕಟ್ಟಿಕೊಂಡು ಚಕ್ರವರ್ತಿಯ ಹಿಂದೆ ಓಡುತ್ತಿದ್ದನೆಂದು ಇತಿಹಾಸಕಾರ ಬದಾಯೂನಿ ವ್ಯಂಗ್ಯವಾಗಿ ಬರೆದಿದ್ದಾನೆ. ಬದಾಯೂನಿಗೆ ಈತನ ಬಗ್ಗೆ ಅಸಮಾಧಾನವಿತ್ತಾದರೂ, ಫತಹುಲ್ಲಾನಿಗೆ ಬಂದೂಕಿನಲ್ಲಿದ್ದ ಆಸಕ್ತಿಗೆ ಈ ಚಿತ್ರವೇ ಸಾಕ್ಷಿಯಾಗಿದೆ.

ನಳಿಗೆಯ ಯಂತ್ರ

ಆ ಕಾಲದ ನಳಿಗೆಗಳನ್ನು ಕಬ್ಬಿಣದ ತಗಡನ್ನು ಸುತ್ತಿ, ಕಾಯಿಸಿ, ಬೆಸೆದು ಮಾಡುತ್ತಿದ್ದರು. ಒಳರಂಧ್ರ ಏರುತಗ್ಗಾಗಿದ್ದರೆ ಗುಂಡು ಸಿಕ್ಕಿಕೊಳ್ಳುತ್ತದೆ ಅಥವಾ ಮದ್ದಿನ ಹೊಗೆ ಪಕ್ಕದಿಂದ ನುಸುಳಿ ಗುರಿ ತಪ್ಪುತ್ತದೆ. ಇಂದಿನ ಸ್ಪರ್ಧಾ ರೈಫಲುಗಳಲ್ಲಿ ತೋಟಾ ಕೂರುವ ಕೋಶವನ್ನು ನಳಿಗೆಯ ರಂಧ್ರದ ಅಕ್ಷಕ್ಕೆ ಸರಿಯಾಗಿ ಕೊರೆಯುವುದರ ಹಿಂದೆಯೂ ಇದೇ ಕಾಳಜಿಯಿದೆ. ಬಾಯಿಯಿಂದ ಮದ್ದು ತುಂಬುವ ಅಂದಿನ ಬಂದೂಕುಗಳಲ್ಲಿ ಅಂಥ ಪ್ರತ್ಯೇಕ ಕೋಶವಿರಲಿಲ್ಲ. ಮೊದಲು ಒಬ್ಬ ಬಲಶಾಲಿ ಕಬ್ಬಿಣದ ಉಪಕರಣಗಳಿಂದ ಬಹುಹೊತ್ತು ಶ್ರಮಿಸಿ ಒಂದೊಂದೇ ನಳಿಗೆಯನ್ನು ಶುದ್ಧಗೊಳಿಸಬೇಕಿತ್ತು. ಐನ್-ಇ-ಅಕ್ಬರಿಯಲ್ಲಿ ವರ್ಣಿತವಾದ ಚಕ್ರವನ್ನು ಒಂದು ದನ ತಿರುಗಿಸಿದರೆ 16 ನಳಿಗೆಗಳು ಅಲ್ಪಕಾಲದಲ್ಲಿ ಸಿದ್ಧವಾಗುತ್ತಿದ್ದವು. ಒಂದೇ ಬತ್ತಿಯಿಂದ ಹಾರುವ, 17 ನಳಿಗೆಗಳನ್ನು ಜೋಡಿಸಿದ ಆಯುಧವೂ ಅಲ್ಲಿ ಉಕ್ತವಾಗಿದೆ.

ಗ್ರಂಥಕರ್ತ ಅಬುಲ್ ಫಜಲ್ ಇವೆಲ್ಲವನ್ನೂ ಅಕ್ಬರನ ಆವಿಷ್ಕಾರಗಳೆಂದೇ ಹೇಳುತ್ತಾನೆ. ಆಸ್ಥಾನದ ಬರಹಗಳಲ್ಲಿ ಇಂಥ ಕೀರ್ತಿ ದೊರೆಗೆ ಸಲ್ಲುವುದು ವಾಡಿಕೆ. ಆಧುನಿಕ ಇತಿಹಾಸಕಾರರಲ್ಲಿ ಹಲವರು ಇವುಗಳನ್ನು ಫತಹುಲ್ಲಾನಿಗೆ ಸೇರಿಸುತ್ತಾರೆ. ಆದರೆ ಮೊಘಲರ ನಳಿಗೆ ತಯಾರಿಕೆಯ ಸುಧಾರಣೆಯೆಲ್ಲವೂ ಈತನದೆನ್ನಲಾಗದು. ಅಕ್ಬರನು ಚಿತ್ತೋಡದ ಮುತ್ತಿಗೆಯಲ್ಲಿ ಸಂಗ್ರಾಮ್ ಎಂಬ ಬಂದೂಕಿನಿಂದ ಜಯಮಲ್ಲನನ್ನು ಗುರಿಯಿಟ್ಟು ಹೊಡೆದದ್ದು 1568ರಲ್ಲಿ, ಈತನು ಸಿಕ್ರಿಗೆ ಬರುವ 15 ವರ್ಷಗಳ ಮೊದಲು.

ಮರಣ

ಚಕ್ರವರ್ತಿಯ ಕಾಶ್ಮೀರ ಪ್ರವಾಸದ ಸಂದರ್ಭದಲ್ಲಿ, 1589ರಲ್ಲಿ, ಫತಹುಲ್ಲಾ ಅಲ್ಲಿಯೇ ಕಾಯಿಲೆಯಿಂದ ತೀರಿಕೊಂಡನು. ಅಕ್ಬರನು ಬಹಳ ದುಃಖಿಸಿದನೆಂದು ಅಬುಲ್ ಫಜಲ್ ದಾಖಲಿಸಿದ್ದಾನೆ. ಶ್ರೀನಗರದ ತಖ್ತ್-ಇ-ಸುಲೈಮಾನ್ ಬೆಟ್ಟದಲ್ಲಿ ಈತನನ್ನು ಸಮಾಧಿ ಮಾಡಲಾಯಿತು.